ಸೂಜಿಗೆ ಪಾಳಿ ಹಚ್ಚಿದವರು

ಲಸಿಕೆ ಹಾಕಿಸುವ ಕೆಲಸದಲ್ಲಿ ನಗುವಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ಆಗಬಾರದೆಂದು ಮೊದಲೇ ಸಿದ್ಧತೆ ಮಾಡಿಕೊಂಡವರಿಗೆ ಇನ್ನೂ ಹೆಚ್ಚು ಆಗುತ್ತದೆ. ನಾನು ಸಿದ್ಧತೆ ಮಾಡಿಕೊಳ್ಳುವವಳು.

ಗ್ಯಾಲರಿಯ ಹುಡುಗಿ

ಮೈಕ್ರೋಬಯಾಲಜಿಯಲ್ಲಿ ಬಿಎಸ್ಸಿ ಮುಗಿಸಿದ ಮೇಲೆ ಘಾಟ್ಕೋಪರ್‌ನ ಒಂದು ಹೆಲ್ತ್ ಪೋಸ್ಟಿನಲ್ಲಿ ನನಗೆ ಕೆಲಸ ಸಿಕ್ಕಿತು. ಶಾಲೆಗಳಿಗೆ ಹೋಗುವುದು, ಲಸಿಕೆ ತಪ್ಪಿಸಿಕೊಂಡ ಮಕ್ಕಳನ್ನು ಹುಡುಕುವುದು, ಮನೆಯವರನ್ನು ಒಪ್ಪಿಸುವುದು. ನಮ್ಮ ಮನೆಯವರು ಬೆಳಗಾವಿ ಕಡೆಯವರು. ಕನ್ನಡ ಬರುತ್ತದೆ ಎಂಬ ಒಂದೇ ಅರ್ಹತೆಯ ಮೇಲೆ ಗುಡ್ಡದ ಬುಡದ ಕನ್ನಡ ಶಾಲೆಯನ್ನು ನನಗೆ ಒಪ್ಪಿಸಿದರು. ಜೊತೆಗೆ ಒಬ್ಬ ಸಿಸ್ಟರ್. ಉಡುಪಿ ಕಡೆಯವರು. ಚುಚ್ಚುವುದು ಅವರ ಕೆಲಸ, ಡಬ್ಬಿ ಹೊರುವುದು ನನ್ನದು.

ಶಾಲೆಯ ಎದುರಿಗೆ ಒಂದೊಂದೇ ಕೋಣೆಯ ಮನೆಗಳ ಒಂದು ಹಳೆಯ ಚಾಳು. ಅದರ ಮೊದಲ ಮಹಡಿಯ ಗ್ಯಾಲರಿಯಲ್ಲಿ ನಿಂತರೆ ಶಾಲೆಯ ಅಂಗಳ ಪೂರ್ತಿ ಕಾಣುತ್ತದೆ. ಅಲ್ಲಿ ದಿನವೂ ಒಬ್ಬ ಹುಡುಗಿ ಮಾಸ್ಕ್ ಹಾಕಿಕೊಂಡು ನಿಂತಿರುತ್ತಿದ್ದಳು. ಆ ಶಾಲೆಯ ಮೂರನೆಯ ಇಯತ್ತೆಯವಳು. ಪರೇಲ್‌ನ ಆಸ್ಪತ್ರೆಯಲ್ಲಿ ರಕ್ತದ ಕಾಯಿಲೆಗೆ ದೀರ್ಘ ಚಿಕಿತ್ಸೆ ಮುಗಿಸಿ ಬಂದಿದ್ದಳು. ತಲೆಯ ಮೇಲೆ ಕೂದಲು ಆಗಷ್ಟೇ ಬ್ರಶ್ಶಿನ ಹಾಗೆ ಎದ್ದಿತ್ತು.

ಆ ಓಣಿಯಲ್ಲಿ ದಡಾರ ಕಾಣಿಸಿಕೊಂಡಿತ್ತು. ಹುಡುಗಿಯ ಮೈ ಇನ್ನೂ ಅದರ ಲಸಿಕೆಯನ್ನು ತಾಳುವಂತಿರಲಿಲ್ಲ, ದಡಾರ ಬಂದರೆ ಅದನ್ನಂತೂ ತಡೆಯುವಂತಿರಲಿಲ್ಲ. ಪರೇಲ್‌ನ ಡಾಕ್ಟರು ಒಂದು ಮಾತು ಹೇಳಿ ಕಳಿಸಿದ್ದರು: ಅವಳ ತರಗತಿಯ ಮಕ್ಕಳೆಲ್ಲ ಲಸಿಕೆ ಹಾಕಿಸಿಕೊಳ್ಳಲಿ, ಆಮೇಲೆ ಇವಳು ಶಾಲೆಗೆ ಹೋಗಲಿ.

ಹಾಗಾಗಿ ನಾನು ಗೇಟಿನ ಬಳಿ ಕಂಡ ಕೂಡಲೇ ಮೇಲಿನಿಂದ ಕೂಗು ಬರುತ್ತಿತ್ತು.

"ಅಕ್ಕಾ, ಎಲ್ಲಾರ್ದೂ ಆತೇನು?"

"ಇನ್ನೂ ಇಲ್ಲ."

"ಜಲ್ದೀ ಕರೋ ನಾ ಅಕ್ಕಾ. ಬೋರ್ ಆಗಾಕತ್ತೈತಿ."

ಒಂದು ದಿನ ಅವಳಿಗೆ ಅನುಮಾನ ಬಂತು. "ಸೂಜಿ ಚುಚ್ಚೋದು ಅವರಿಗೆ. ನನಗ ಹೆಂಗ ಉಪಯೋಗ?"

ನಾನು ಇದಕ್ಕೆ ಸಿದ್ಧವಾಗಿಯೇ ಇದ್ದೆ. "ಲೋಕಲ್‌ನ್ಯಾಗ ಗರ್ದಿ ಇದ್ದಾಗ ನಡುವ ನಿಂತವರು ಏನರೆ ಹಿಡ್ಕೊಂಡಿರ್ತಾರೇನು?"

"ಇಲ್ಲ."

"ಮತ್ಯಾಕ ಬೀಳಂಗಿಲ್ಲ?"

"ಸುತ್ತಲಿನವ್ರು ಬೀಳಾಕ ಬಿಡಂಗಿಲ್ಲ."

"ಹಾಂ. ನೀ ನಡುವ ನಿಂತಾಕಿ. ಸುತ್ತಲಿನವ್ರು ಗಟ್ಟಿ ನಿಂತ್ರ ನಿನಗ ಏನೂ ಆಗಂಗಿಲ್ಲ."

ಅವಳು ಗ್ಯಾಲರಿಯ ಕಂಬಿಗೆ ಗಲ್ಲ ಊರಿದಳು.

"ಮತ್ತ ದಾದರ್ ಬಂದಾಗ ಎಲ್ಲಾರೂ ಇಳದುಬಿಟ್ರ?"

ನಮ್ಮ ಮೂರು ವರ್ಷದ ಸಿಲಬಸ್ಸಿನಲ್ಲಿ ಇದು ಬಂದಿರಲಿಲ್ಲ.

ನೀಲಿ ಡಬ್ಬಿ

ಲಸಿಕೆ ತಂಪಾಗಿಯೇ ಇರಬೇಕು. ಅದಕ್ಕೊಂದು ನೀಲಿ ಡಬ್ಬಿ ಇದೆ, ಒಳಗೆ ಐಸ್ ಪ್ಯಾಕುಗಳು, ಭುಜಕ್ಕೆ ಪಟ್ಟಿ. ಒಮ್ಮೆ ನಮ್ಮ ಕಡೆ ಲಸಿಕೆ ಸಾಲದೆ ದಾದರ್ ಬಳಿಯ ಸ್ಟೋರಿನಿಂದ ನಾನೇ ತರಬೇಕಾಯಿತು. ಜೀಪು ಕೇಳಿದೆ. ಜೀಪು ಗ್ಯಾರೇಜಿನಲ್ಲಿತ್ತು. ಲೋಕಲ್ ಹತ್ತಿದೆ.

ಲೇಡೀಸ್ ಡಬ್ಬೆಯಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಡಬ್ಬಿಯನ್ನು ಎದೆಗವಚಿಕೊಂಡು ಒಂಟಿ ಕಾಲಿನಲ್ಲಿ ನಿಂತಿದ್ದೆ. ಕಿಟಕಿಯ ಬಳಿ ಕೂತಿದ್ದ ಹೆಂಗಸು ಮೂಗು ಮುಚ್ಚಿಕೊಂಡು ಹಿಂದಿಯಲ್ಲಿ ಶುರು ಮಾಡಿದಳು. "ಮೀನಿನವರಿಗೆ ಬೇರೆ ಡಬ್ಬೆ ಇದೆಯಲ್ಲ. ಇಲ್ಲಿ ಯಾಕೆ ಹತ್ತುತ್ತೀರಿ? ನಾವು ಆಫೀಸು ಮುಗಿಸಿ ಬಂದವರು."

"ಇದು ಮೀನಲ್ಲ," ಎಂದೆ.

"ವಾಸನೆ ಬರ್ತಿದೆ."

ಲಸಿಕೆಗೆ ವಾಸನೆ ಇರುವುದಿಲ್ಲ. ಐಸಿಗೂ ಇರುವುದಿಲ್ಲ. ಆದರೆ ಅವಳು ಹೇಳಿದ ಮೇಲೆ ಪಕ್ಕದ ಇನ್ನಿಬ್ಬರಿಗೂ ಬಂತು. ಒಬ್ಬಳು ಬೊಂಬಿಲ್ ಎಂದಳು. ಇನ್ನೊಬ್ಬಳು ಅಲ್ಲ, ಸುರಮಾಯಿ ಎಂದಳು. ಬೊಂಬಿಲೋ ಸುರಮಾಯಿಯೋ ಎಂದು ಅವರವರಲ್ಲೇ ವಾದ ಬಿದ್ದಿತು. ಸಾಯನ್ ದಾಟಿತು. ನಾನು ಬಾಯಿಬಿಟ್ಟು ಹೇಳಿಬಿಟ್ಟೆ: "ಒಳಗಿರುವುದು ದಡಾರದ ವೈರಸ್. ಜೀವಂತ ವೈರಸ್. ಬಲ ಕುಂದಿಸಿ..."

ಮುಂದಿನದನ್ನು ಕೇಳಲು ಯಾರೂ ಉಳಿಯಲಿಲ್ಲ. ಸಂಜೆಯ ಗರ್ದಿಯಲ್ಲಿ ಇರುವೆ ಹೋಗಲೂ ಜಾಗವಿಲ್ಲದ ಡಬ್ಬೆಯಲ್ಲಿ ನನ್ನ ಸುತ್ತ ಒಂದು ಮೈದಾನ ಬಿದ್ದಿತು. ಕಿಟಕಿಯ ಹೆಂಗಸು ಎದ್ದು ಬಾಗಿಲಿಗೆ ಹೋದಳು. ನಾನು ಅವಳ ಜಾಗದಲ್ಲಿ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಗಾಳಿ ಕುಡಿಯುತ್ತಾ ಘಾಟ್ಕೋಪರ್ ತಲುಪಿದೆ.

ಸಿಸ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. "ಆ ಡಬ್ಬಿ ಭಾನುವಾರ ನನಗೆ ಕೊಡು ಮಾರಾಯ್ತಿ," ಎಂದರು. "ವಿರಾರ್ ಲೋಕಲ್‌ನಲ್ಲಿ ನನ್ನ ಅಕ್ಕನ ಮನೆಗೆ ಹೋಗ್ಲಿಕ್ಕುಂಟು."

ಪಾಳಿ

ಶಾಲೆಯಲ್ಲಿ ಲಸಿಕೆಯ ದಿನ ಗೊತ್ತಾಯಿತು. ಅದಕ್ಕೂ ಮೊದಲು ಹೆಡ್‌ಮಾಸ್ತರರು ಪಾಲಕರ ಸಭೆ ಕರೆದು ದೀರ್ಘ ಭಾಷಣ ಮಾಡಿದ್ದರು. ಅವರು ಧಾರವಾಡದವರು, ಮೈಕು ಕಂಡರೆ ಬಿಡುವವರಲ್ಲ. ಪಾಲಕರು ಸಹಿ ಹಾಕಿ ಒಪ್ಪಿಗೆ ಕೊಟ್ಟರು. ಒಪ್ಪಿಗೆ ಕೊಟ್ಟವರಲ್ಲಿ ಕೆಲವರು ಭಾಷಣ ನಿಲ್ಲಲಿ ಎಂದೇ ಕೊಟ್ಟರು ಎಂದು ನನ್ನ ಅಂದಾಜು.

ಪಾಲಕರು ಒಪ್ಪಿದರೆ ಸಾಲದು, ಮಕ್ಕಳು ಬರಬೇಕು. ಹಿಂದಿನ ಸಲ ಸಿಸ್ಟರನ್ನು ಕಂಡ ಕೂಡಲೇ ಅರ್ಧ ತರಗತಿ ಶೌಚಾಲಯದ ಹಿಂದಿನ ಗೋಡೆ ಹಾರಿ ಹೋಗಿತ್ತಂತೆ. ಅದಕ್ಕೇ ಈ ಸಲ ನಾನು ಹಿಂದಿನ ದಿನವೇ ಚಾಳಿನ ಆಯಿಯ ಬಳಿ ಹೋಗಿ, "ಮಕ್ಕಳು ನಾಳೆ ಬೆಳಿಗ್ಗೆ ಪಾಳಿ ಹಚ್ಚಬೇಕು, ನೀವೇ ನೋಡಿಕೊಳ್ಳಬೇಕು," ಎಂದು ಕೈಮುಗಿದಿದ್ದೆ.

ಆಯಿ ಎಂದರೆ ವಿಜಯಪುರ ಕಡೆಯ ಅಜ್ಜಿ. ಚಾಳಿನ ನಲ್ಲಿಯ ಪಾಳಿ ಅವರ ಕೈಯಲ್ಲಿತ್ತು. ನೀರು ಬರುವುದು ಬೆಳಗಿನ ಜಾವ ಸ್ವಲ್ಪ ಹೊತ್ತು. ಯಾರ ಕೊಡ ಮೊದಲು, ಯಾರದು ಆಮೇಲೆ ಎಂಬುದು ಆಯಿಯ ಬಾಯಿಂದ ಬರಬೇಕು. ಅದರ ಮೇಲೆ ಅಪೀಲು ಇರಲಿಲ್ಲ.

ಮರುದಿನ ಹೋಗಿ ನೋಡಿದರೆ ಶಾಲೆಯ ವರಾಂಡದಲ್ಲಿ ಉದ್ದಕ್ಕೆ ಸಾಲು. ಒಂದು ಪಾಟಿಚೀಲ, ಅದರ ಹಿಂದೆ ಒಂದು ಜೊತೆ ಚಪ್ಪಲಿ, ಒಂದು ನೀರಿನ ಬಾಟಲಿ, ಒಂದು ಟಿಫಿನ್ ಡಬ್ಬಿ, ಮತ್ತೆ ಚೀಲ, ಒಂಟಿ ಬೂಟು, ಇಟ್ಟಿಗೆ ಚೂರು. ಮಗು ಒಂದೂ ಇಲ್ಲ. ಸಾಲಿನ ತುದಿಯಲ್ಲಿ ಆಯಿ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಮಕ್ಕಳೆಲ್ಲಿ?" ಎಂದೆ.

"ಆಡಾಕ ಹೋಗ್ಯಾವ. ಪಾಳಿ ಹಚ್ಚು ಅಂದಿ, ಹಚ್ಯಾವ."

ನಲ್ಲಿಯ ಮುಂದೆ ಮನುಷ್ಯರು ನಿಲ್ಲುವುದಿಲ್ಲ, ಕೊಡ ನಿಲ್ಲುತ್ತದೆ. ಇಲ್ಲಿಯೂ ಅದೇ ನಡೆದಿತ್ತು.

ಸಿಸ್ಟರ್ ಸೂಜಿ ಹಿಡಿದು ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು. "ನಾನೀಗ ಯಾರಿಗೆ ಚುಚ್ಚುವುದು ಮಾರಾಯ್ತಿ? ಬಾಟ್ಲಿಗಾ?"

ಆಯಿ ಎದ್ದು ನಿಂತು ಮೊದಲ ಚೀಲವನ್ನು ಎತ್ತಿ ಹಿಡಿದರು. "ಇದು ಯಾರ್ದು? ಬರ್ತಿಯೋ, ಹಿಂದ ಒಗೀಲೋ?"

ಅಂಗಳದ ಮೂಲೆಯಿಂದ ಒಬ್ಬ ಓಡಿ ಬಂದ. "ಒಗೀಬ್ಯಾಡ್ರಿ, ನನ್ನ ನಂಬರ್ ಐತಿ!"

ಅವನ ಹಿಂದೆಯೇ ಚಪ್ಪಲಿಯವಳು ಬಂದಳು. "ಮೊದ್ಲು ನನ್ನ ಚಪ್ಪಲ್ ಇದ್ವು ಆಯಿ. ಇವ ಸರಿಸ್ಯಾನ."

"ಝೂಟ್! ನಾ ನಸಿಕ್ಲೆ ಬಂದು ಇಟ್ಟೀನಿ."

"ಚಪ್ಪಲಿ ಮೊದಲು," ಎಂದರು ಆಯಿ. "ನಾ ನೋಡೀನಿ."

ಚಪ್ಪಲಿಯವಳು ಚೀಲದವನ ಕಡೆ ನೋಡಿ ನಾಲಿಗೆ ಚಾಚಿ, ತೋಳು ಮೇಲೇರಿಸಿ, ಸಿಸ್ಟರ್ ಮುಂದೆ ಕೂತುಬಿಟ್ಟಳು. ಸೂಜಿ ಒಳಗೆ ಹೋದದ್ದು ಅವಳಿಗೆ ಗೊತ್ತಾಗಲಿಲ್ಲ, ಗೆದ್ದಿದ್ದಳು. ಆಮೇಲೆ ಒಬ್ಬರ ಮೇಲೊಬ್ಬರು ಬಿದ್ದು ಬಂದರು. ಸೂಜಿಗೆ ಹೆದರುವವರು ಆ ಸಾಲಿನಲ್ಲಿ ಬಹಳ ಮಂದಿ ಇದ್ದರು. ನಂಬರು ಬಿಟ್ಟುಕೊಡುವವರು ಒಬ್ಬರೂ ಇರಲಿಲ್ಲ. ಗ್ಯಾಲರಿಯಿಂದ ಹುಡುಗಿ ಕ್ರಿಕೆಟ್ಟಿನಂತೆ ಕೂಗುತ್ತಿದ್ದಳು. "ಹೋ ಗಯಾ! ನೆಕ್ಸ್ಟ್! ಏ, ಕೈ ಸಡ್ಲ ಬಿಡೋ, ಗೋಡಿ ನೋಡು!"

ಎಲ್ಲ ಮುಗಿದ ಮೇಲೆ ಸಾಲಿನಲ್ಲಿ ಒಂದು ಕರಿ ಛತ್ರಿ ಉಳಿಯಿತು.

"ಇದು ಯಾರ್ದು?" ಆಯಿ ಕೂಗಿದರು.

ಹೆಡ್‌ಮಾಸ್ತರರು ಆಫೀಸಿನಿಂದ ಹೊರಗೆ ಬಂದರು. "ನಂದ್ರಿ."

"ನೀವ್ಯಾಕ ಇಟ್ರಿ ಸರ್?" ಎಂದೆ.

"ಬರೋ ಮುಂದ ಪಾಳಿ ಕಾಣಿಸ್ತು. ಇಟ್ಟೆ. ಸೂಜಿದು ನೆನಪ ಇರಲಿಲ್ಲ, ಏನ್ ಕೊಡ್ತಾರ ಅಂತ ಆಮ್ಯಾಲ ಕೇಳಿದ್ರಾತು ಅಂತ."

"ನಂಬರ್ ಬಂತು ಮಾಸ್ತರ," ಎಂದರು ಆಯಿ. "ತೋಳ ಏರಸ್ರಿ."

ಹೆಡ್‌ಮಾಸ್ತರರ ಮುಖದ ಬಣ್ಣ ಇಳಿಯಿತು. ಇಡೀ ತರಗತಿ ಸುತ್ತ ನಿಂತು ನೋಡುತ್ತಿತ್ತು. ಸಿಸ್ಟರ್ ಅವರನ್ನು ಮೇಲಿನಿಂದ ಕೆಳಗೆ ನೋಡಿ, "ಬೇಡ, ಇವರಿಗೆ ವಯಸ್ಸಾಗಿದೆ," ಎಂದು ಸೂಜಿ ಕೆಳಗಿಟ್ಟರು.

ವಯಸ್ಸಾಯಿತು ಎಂಬ ಮಾತಿಗೆ ಅಷ್ಟು ಸಂತೋಷಪಟ್ಟ ಮನುಷ್ಯನನ್ನು ನಾನು ಇನ್ನೊಮ್ಮೆ ನೋಡಿಲ್ಲ.

ಅಡ್ಡ ಪರಿಣಾಮ

ಲಸಿಕೆಯ ನಂತರ ಜ್ವರ, ಕೈನೋವು ಏನಾದರೂ ಇದ್ದರೆ ಫೋನು ಮಾಡಿ ಎಂದು ಎಲ್ಲರಿಗೂ ಹೇಳಿದ್ದೆ. ಮಾಡಿದರು.

ಒಬ್ಬ ತಾಯಿ: ಮಗ ನಿನ್ನೆಯಿಂದ ಬಹಳ ಉಣ್ಣುತ್ತಿದ್ದಾನೆ. ಇನ್ನೊಬ್ಬ ತಾಯಿ: ಮಗಳು ಉಣ್ಣುತ್ತಿಲ್ಲ. ಇಬ್ಬರೂ ಒಂದೇ ಗ್ಯಾಲರಿಯವರು. ಆಮೇಲೆ ವಿಚಾರಿಸಿದಾಗ ತಿಳಿಯಿತು, ಅವಳ ಟಿಫಿನ್ನನ್ನು ಅವನೇ ತಿನ್ನುತ್ತಿದ್ದ.

ಸ್ಟೇಷನ್ ರಸ್ತೆಯ ಹೋಟೆಲಿನ ಮ್ಯಾನೇಜರ್ ರಾತ್ರಿ ಗಲ್ಲಾ ಮುಚ್ಚುವ ಮೊದಲು ಮಾಡಿದರು. ಮಂಗಳೂರು ಕಡೆಯವರು. ಧ್ವನಿ ಗಂಭೀರವಾಗಿತ್ತು.

"ಮೇಡಂ, ನಮ್ಮ ಮಗ ಕನ್ನಡದಲ್ಲಿ ಕೇಳಿದ್ರೆ ಹಿಂದಿಯಲ್ಲಿ ಉತ್ತರ ಕೊಡ್ತಾ ಇದ್ದಾನೆ. ಇದು ಇಂಜೆಕ್ಷನ್‌ದ್ದೇ ಎಫೆಕ್ಟಾ?"

"ಮೊದಲು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದನೇ?"

ಅವರು ಆ ಕಡೆ ಯಾರಿಗೋ ಚಿಲ್ಲರೆ ಎಣಿಸಿ ಕೊಟ್ಟು ಫೋನಿಗೆ ಮರಳಿದರು.

"ಇಲ್ಲ ಮಾರ್ರೆ. ಮೊದ್ಲು ಉತ್ತರವೇ ಕೊಡ್ತಾ ಇರ್ಲಿಲ್ಲ."

ಜಾಗ ಎಲ್ಲಿದೆ

ತರಗತಿಯಲ್ಲಿ ಒಬ್ಬ ಉಳಿದಿದ್ದ. ಆಯಿಯ ಮೊಮ್ಮಗ.

ಇದು ನನಗೆ ಹೊಳೆದಿರಲೇ ಇಲ್ಲ. ಊರಿನವರ ಮಕ್ಕಳನ್ನೆಲ್ಲ ಪಾಳಿಯಲ್ಲಿ ಕರೆದು ಕೂರಿಸಿದ ಆಯಿ, ತಮ್ಮ ಮೊಮ್ಮಗನನ್ನು ಮನೆಯಲ್ಲಿ ಬಿಟ್ಟು ಬಂದಿದ್ದರು. ಅವನು ಹುಡುಗಿಯ ಬೆಂಚಿನಲ್ಲೇ ಕೂರುವವನು. ಪರೇಲ್‌ನ ಡಾಕ್ಟರು 'ಎಲ್ಲರೂ' ಎಂದಿದ್ದರು.

"ಎಲ್ಲಾರ್ದೂ ಆತೇನು ಅಕ್ಕಾ?" ಹುಡುಗಿ ಕೇಳಿದಳು.

"ಒಬ್ಬನದು ಆಗಬೇಕು."

ಯಾರದು ಎಂದು ಅವಳಿಗೆ ಗೊತ್ತಿತ್ತು. ಕಂಬಿ ಬಿಟ್ಟು ಒಳಗೆ ಹೋದಳು. ಅವಳು ಕೂಗದೆ ಒಳಗೆ ಹೋದದ್ದು ಅದೊಂದೇ ದಿನ. ನಾನೂ ಸಿಸ್ಟರೂ ನೇರ ಆಯಿಯ ಖೋಲಿಗೆ ಹೋದೆವು.

ಒಂದೇ ಖೋಲಿ. ಮೂಲೆಯಲ್ಲಿ ನೈಟ್ ಶಿಫ್ಟ್ ಮುಗಿಸಿದ ಮಗ ಚಾದರ ಹೊದ್ದು ಮಲಗಿದ್ದ. ಅವನ ಕಾಲ ಬಳಿ ಸೊಸೆ ರೊಟ್ಟಿ ತಟ್ಟುತ್ತಿದ್ದಳು. ಮೊಮ್ಮಗ ನಮ್ಮನ್ನು ಕಂಡವನೇ ಏಣಿ ಹತ್ತಿ ಅಟ್ಟ ಸೇರಿದ. ನಾವು ಬಾಗಿಲಲ್ಲೇ ನಿಂತೆವು. ಒಳಗೆ ಬರಬೇಕೆಂದರೆ ಯಾರಾದರೂ ಹೊರಗೆ ಹೋಗಬೇಕಿತ್ತು.

ನಾನು ವೈರಸ್ಸಿನಿಂದ ಶುರು ಮಾಡಿದೆ. ಆಯಿ ಕೈ ಎತ್ತಿ ನಿಲ್ಲಿಸಿದರು.

"ನಿನ್ನ ಮಾತು ಖರೇ ಇರ್ಬಹುದವ್ವಾ. ಆದ್ರ ದಡಾರ ಅಂದ್ರ ತಾಯಿ ಬರೂದು. ನಮ್ಮ ಮನಿಗೆ ತಲಿತಲಿಗೂ ಬಂದಾಳ. ಬರ್ತೀನಿ ಅನ್ನಾಕೀಗೆ ಬರಬ್ಯಾಡ ಅಂತ ಹೆಂಗ ಅನ್ನೂದು?"

ಸಿಸ್ಟರ್ ಬಾಗಿಲ ಚೌಕಟ್ಟಿಗೆ ಒರಗಿ ನಿಧಾನವಾಗಿ ಕೇಳಿದರು. "ಬರಬೇಡ ಅನ್ನುವುದು ತಪ್ಪೇ. ಬರಲಿ. ಬಂದ್ರೆ ನೀವು ಏನೇನು ಮಾಡ್ತೀರಿ ಆಯಿ?"

"ಬೇರೆ ಮೂಲ್ಯಾಗ ಬೇವಿನ ಸೊಪ್ಪು ಹಾಸಿ ಮಲಗಸ್ತೀವಿ."

"ಯಾವ ಮೂಲೆ?"

ಆಯಿ ಮೂಲೆಗಳನ್ನು ನೋಡಿದರು. ಒಂದರಲ್ಲಿ ಮಗ, ಒಂದರಲ್ಲಿ ಒಲೆ, ಒಂದರಲ್ಲಿ ನೀರಿನ ಡ್ರಮ್ಮು, ಇನ್ನೊಂದು ಬಾಗಿಲು, ಅಲ್ಲಿ ನಾವು.

"ಮತ್ತೆ?"

"ಒಗ್ಗರಣಿ ಹಾಕಂಗಿಲ್ಲ. ವಾಸ್ನಿ ಬಡೀಬಾರ್ದು."

ಗ್ಯಾಲರಿಯ ಉದ್ದಕ್ಕೂ ಎಲ್ಲ ಮನೆಗಳಲ್ಲೂ ಆ ಹೊತ್ತಿಗೆ ಸರಿಯಾಗಿ ಒಗ್ಗರಣೆ ಬೀಳುತ್ತಿತ್ತು. ಪಕ್ಕದ ಮನೆಯ ಬೆಳ್ಳುಳ್ಳಿಗೆ ಸಿಸ್ಟರ್ ಸೀನಿದರು.

"ಮತ್ತೆ?"

"ಹೊರಗಿನ ಮಂದಿ ಬಾಗಿಲ ಮುಂದ ಹಾಯಬಾರ್ದು."

ಆಯಿ ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಗ್ಯಾಲರಿಯಲ್ಲಿ ಹಾಲಿನವನು, ಕೇಬಲ್ಲಿನವನು, ಇಬ್ಬರು ಇಸ್ತ್ರಿಯವರು ನಮ್ಮ ಬೆನ್ನಿಗೆ ಉಜ್ಜಿಕೊಂಡು ಹೋದರು.

ಆಯಿ ಖೋಲಿಯನ್ನು ಮೊದಲ ಸಲ ನೋಡುವವರಂತೆ ನೋಡುತ್ತಾ ನಿಂತರು. ಆಮೇಲೆ ಗೋಡೆಯ ಮೇಲಿದ್ದ ದೇವರ ಪಟದ ಮುಂದೆ ಹೋಗಿ ಕೈಮುಗಿದರು.

"ತಾಯಿ, ಸಿಟ್ಟ ಮಾಡ್ಕೋಬ್ಯಾಡ. ಮುಂಬೈದಾಗ ಜಾಗಾ ಇಲ್ಲ. ನನ್ನ ಸ್ವಂತ ತಂಗಿ ಬರ್ತೀನಿ ಅಂದ್ರೂ ಬ್ಯಾಡ ಅಂದೀನಿ. ಇಲ್ಲೀತನ ಬಂದು ತ್ರಾಸ ತಗೋಬ್ಯಾಡ. ನಾವ ಊರಿಗೆ ಬಂದು ಉಡಿ ತುಂಬ್ತೀವಿ." ತಿರುಗಿ ಅಟ್ಟದ ಕಡೆ ನೋಡಿ, "ಇಳೀಯೋ," ಎಂದರು. "ಗ್ಯಾಲರ್‍ಯಾಗಿನ ಕೂಸು ದಿನಾ ನನ್ನ ಮಾರಿ ನೋಡ್ತೈತಿ. ನನಗ ಊಟ ಇಳೀವಲ್ದು."

ಅಟ್ಟದ ಮೇಲಿನ ಟ್ರಂಕುಗಳು ಸರಿದ ಸದ್ದಾಯಿತು. ಮೊಮ್ಮಗನ ತಲೆ ಕಾಣಿಸಿತು.

"ಆಯೀ, ತಾಯಿಗೆ ಬರಾಕ ಹೇಳು! ಇಲ್ಲಿ ಮ್ಯಾಲ ಜಾಗಾ ಮಾಡೀನಿ!"

ಸುತ್ತಲಿನವರು

ಡಾಕ್ಟರು ಹೇಳಿದಷ್ಟು ದಿನ ಕಾದದ್ದಾಯಿತು. ಆಮೇಲೆ ಒಂದು ಸೋಮವಾರ ಹುಡುಗಿ ಶಾಲೆಗೆ ಬಂದಳು.

ಗ್ಯಾಲರಿಯಿಂದ ತರಗತಿಗೆ ಒಂದು ಮಹಡಿಯ ಮೆಟ್ಟಿಲು ಇಳಿದು ಅಂಗಳ ದಾಟುವಷ್ಟು ದೂರ. ಆದರೂ ಚಾಳಿನವರೆಲ್ಲ ಬಿಡಲು ಬಂದರು. ಆಯಿ ಮುಂದೆ ನಡೆದು ದಾರಿ ಬಿಡಿಸಿದರು. ಹೊಸ ಚೀಲ, ಹೊಸ ಮಾಸ್ಕ್, ತಲೆಗೆ ಎರಡು ಕ್ಲಿಪ್ಪು. ಕ್ಲಿಪ್ಪು ನಿಲ್ಲುವಷ್ಟು ಕೂದಲು ಬಂದಿತ್ತು. ಅವಳ ತಾಯಿ ಬಾಗಿಲ ಬಳಿ ನಿಂತು ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಸಿಸ್ಟರ್ ಕಿಟಕಿಯ ಕಡೆ ತಿರುಗಿ ಕನ್ನಡಕ ಒರೆಸುತ್ತಿದ್ದರು. ಹುಡುಗಿ ಬೆಂಚಿನಲ್ಲಿ ಕೂತು, ಆಯಿಯ ಮೊಮ್ಮಗನ ತೋಳನ್ನು ಎತ್ತಿ ನೋಡಿ, ಸೂಜಿಯ ಗುರುತು ಹುಡುಕಿ, "ಕುಛ್ ದಿಖ್ತಾ ನಹೀ," ಎಂದಳು. "ಹಾಕ್ಯಾರ, ದೇವ್ರಾಣಿ," ಎಂದ ಅವನು.

ಹೆಡ್‌ಮಾಸ್ತರರು ಭಾಷಣಕ್ಕೆ ಗಂಟಲು ಸರಿಮಾಡಿಕೊಂಡರು. ತಾಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಯಿ, "ಪಾಠ ಸುರು ಮಾಡ್ರಿ ಮಾಸ್ತರ," ಎಂದರು. ಹೆಡ್‌ಮಾಸ್ತರರಿಗೆ ಛತ್ರಿಯ ನೆನಪು ಇನ್ನೂ ಹೋಗಿರಲಿಲ್ಲ. ಭಾಷಣ ಬಿಟ್ಟು ಪಾಠಕ್ಕೆ ಬಂದರು.

"ಬಾಳ ದಿವಸದ ಮ್ಯಾಲ ಬಂದೀ. ಹೇಳು ನೋಡೋಣು, ಎಂಟೇಳ್ಲೆ ಎಷ್ಟು?"

ಹುಡುಗಿ ಎದ್ದು ನಿಂತಳು. ಸ್ವಲ್ಪವೂ ಅಂಜಲಿಲ್ಲ.

"ನನಗ ಬರಂಗಿಲ್ರಿ ಸರ್. ಆದ್ರ ನಡೀತೈತ್ರಿ."

"ಹೆಂಗ ನಡೀತೈತಿ?"

"ಅಕ್ಕಾ ಹೇಳ್ಯಾಳ್ರಿ. ಸುತ್ತಲಿನವ್ರು ಎಲ್ಲಾರ್ದೂ ಆಗಿದ್ರ ನಡುವ ಇದ್ದಾಕೀಗೆ ಬೇಕಾಗಂಗಿಲ್ಲ. ಇವರಿಗೆಲ್ಲಾ ಮಗ್ಗಿ ಆಗೇತಲ್ರಿ."

ಹೆಡ್‌ಮಾಸ್ತರರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ತತ್ವವನ್ನು ಅವಳು ಸರಿಯಾಗಿಯೇ ಹಿಡಿದಿದ್ದಳು.

ಹೆಡ್‌ಮಾಸ್ತರರು ಪಕ್ಕದಲ್ಲಿದ್ದ ಮೊಮ್ಮಗನ ಕಡೆ ಬೆರಳು ಮಾಡಿದರು. "ಎಂಟೇಳ್ಲೆ?"

ಮೊಮ್ಮಗ ಛಾವಣಿಯ ಕಡೆ ನೋಡಿದ. ಅಲ್ಲಿ ಅಟ್ಟ ಇರಲಿಲ್ಲ.

"ನೀ ಹೇಳು."

ಚಪ್ಪಲಿಯವಳು ತುಟಿ ಕಚ್ಚಿದಳು. ಚೀಲದವನು ಪೆನ್ಸಿಲ್ ಹುಡುಕಲು ಬೆಂಚಿನ ಕೆಳಗೆ ಹೋದ. ಹೋಟೆಲ್ ಮ್ಯಾನೇಜರರ ಮಗ ಉತ್ತರವನ್ನೇ ಕೊಡಲಿಲ್ಲ. ಹೆಡ್‌ಮಾಸ್ತರರ ಬೆರಳು ಮುಂದಿನ ಬೆಂಚಿನಿಂದ ಹಿಂದಿನ ಬೆಂಚಿಗೆ ಹೋಗಿ ತಿರುಗಿ ಬಂತು. ಒಬ್ಬರಿಗೂ ಬರಲಿಲ್ಲ. ಬಾಗಿಲಲ್ಲಿ ನಿಂತ ಚಾಳಿನವರಲ್ಲಿ ಒಬ್ಬಿಬ್ಬರು ಬೆರಳ ಗೆಣ್ಣು ಎಣಿಸುತ್ತಿದ್ದರು.

ಹುಡುಗಿ ಸುತ್ತ ಒಂದು ಸಲ ನಿಧಾನವಾಗಿ ನೋಡಿದಳು. ಆಮೇಲೆ ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡು, ಬೆಂಚಿನಿಂದ ಹೊರಗೆ ಬಂದಳು.

"ಎಲ್ಲಿಗೆ?" ಎಂದರು ಹೆಡ್‌ಮಾಸ್ತರರು.

"ಮನಿಗ್ರಿ. ಈ ಕ್ಲಾಸ್ ನನಗ ಸೇಫ್ ಇಲ್ರಿ ಸರ್. ಎಲ್ಲಾರ್ದೂ ಆದಮ್ಯಾಲ ಹೇಳಿ ಕಳಸ್ರಿ, ಬರ್ತೀನಿ."